ಡಾಕ್ಟರು ಎಸೆದ ಎರಡು ರಾಜ

ಗುರುವಾರ, ಮಧ್ಯಾಹ್ನ

ನನ್ನ ಮೊಂಡ ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕ್ಲಿನಿಕ್ಕಿನಲ್ಲಿ ಕೂತು ಈ ಕಾಗದ ಬರೆಯುತ್ತಿದ್ದೇನೆ.

ಈ ಭಾನುವಾರ ನಮ್ಮ ಹಲ್ಲಿನ ಡಾಕ್ಟರ ಜೊತೆ ಪೋಕರ್ ಆಡಲು ನಮ್ಮ ಪ್ರೆಸ್ಸಿನ ಹಕ್ಕುಪತ್ರಗಳನ್ನೇ ಪಣಕ್ಕಿಡಲು ತರುತ್ತೀಯಂತೆ. ನಿನ್ನ ಹೆಂಡತಿ ಅತ್ತುಕೊಂಡು ಹೇಳಿದಳು. ಅಪ್ಪ ನಲವತ್ತು ವರ್ಷ ಕೈಗೆ ಮಸಿ ಮೆತ್ತಿಕೊಂಡು ಕಟ್ಟಿ ಬೆಳೆಸಿದ ಪ್ರೆಸ್ಸು ಅದು. ನಿನ್ನ ಮನೆಯ ಒಲೆ ಉರಿಯುವುದೂ ಅದರಿಂದಲೇ.

ನಿನ್ನ ವಿದ್ಯೆ ನನಗೆ ಗೊತ್ತು. ಅಡುಗೆಮನೆ ಮೇಜಿನ ಮೇಲೆ ದುಡ್ಡಿನ ಬದಲು ಅಂಗಿ ಗುಂಡಿ ಹರಡಿ ನೀನೇ ಕಲಿಸಿದ್ದೆ. ಕೈಗೆ ಎರಡು ಇಸ್ಪೀಟೆಲೆ ಬಂದಿರುತ್ತವೆ, ಮೇಜಿನ ಮೇಲೆ ಇನ್ನೂ ಒಂದೂ ತೆರೆದಿರುವುದಿಲ್ಲ. ಮೊದಲು ಮಾತಾಡುವವನು ಪಣ ಏರಿಸುತ್ತಾನೆ. ಸರದಿ ತಡವಾಗಿ ಬರುವ ನೀನು ಎಲ್ಲರ ಮುಖ ನೋಡಿಕೊಂಡು ಅದರ ಮೂರರಷ್ಟು ಏರಿಸುತ್ತೀಯ. ಇದಕ್ಕೆ ನೀನು ರೀರೈಸ್ ಅನ್ನುತ್ತೀಯ. ನಿನ್ನ ಎಲೆ ಚೆನ್ನಾಗಿರಲೇಬೇಕೆಂದಿಲ್ಲ. ಮೇಜಿನ ಎಲೆ ತೆರೆದ ಮೇಲೂ ನಿನಗಿಂತ ಮೊದಲು ಅವನೇ ಬಾಯಿ ಬಿಡಬೇಕಲ್ಲ, ಆ ಕಷ್ಟ ಬೇಡವೆಂದು ಎಲೆ ಎಸೆದುಬಿಡುತ್ತಾನೆ. ಡಾಕ್ಟರು ಮೂರು ತಿಂಗಳಿಂದ ಪ್ರತಿ ಸಲವೂ ಎಸೆದಿದ್ದಾರೆ. ನಿಮ್ಮ ಡಾಕ್ಟರು ಶುದ್ಧ ಪುಕ್ಕಲು ಅಂತ ನೀನು ಮೆಟ್ಟಿಲಿಳಿಯುತ್ತ ನಕ್ಕಿದ್ದೆ.

ಅವರ ಹತ್ತಿರ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ ಕಣೋ. ಹಲ್ಲು ಕೀಳುವ ಮುಂಚೆ ಅದೂ ಇದೂ ಮಾತಾಡಿಸುತ್ತಾರೆ, ರೋಗಿ ತಾನಾಗಿಯೇ ಬಾಯಿ ಅಗಲಿಸುವ ತನಕ. ಅವಸರ ಅನ್ನುವುದು ಅವರ ಜಾಯಮಾನದಲ್ಲೇ ಇಲ್ಲ.

ಹೋದ ಭಾನುವಾರ ಕ್ಲಿನಿಕ್ಕಿನ ಮಹಡಿಯಲ್ಲಿ ನಿಮಗೆಲ್ಲ ಟೀ ಕೊಡುವಾಗ ಅವರ ಎಲೆ ಅಕಸ್ಮಾತ್ತಾಗಿ ನನ್ನ ಕಣ್ಣಿಗೆ ಬಿತ್ತು. ಎರಡೂ ರಾಜ. ಅದಕ್ಕಿಂತ ದೊಡ್ಡ ಜೋಡಿ ಎಕ್ಕದ್ದೊಂದೇ ಅಂತ ನೀನೇ ಹೇಳಿಕೊಟ್ಟಿದ್ದೆ. ನೀನು ರೀರೈಸ್ ಮಾಡಿದೆ. ಅವರು ಆ ಎರಡನ್ನೂ ಎಸೆದು, ಟೀಗೆ ಸಕ್ಕರೆ ಸಾಲದು ಅಂದರು. ಅದು ಹೆದರಿದವರು ಎಸೆಯುವ ಎಲೆಯಲ್ಲ. ನಿನಗೆ ರುಚಿ ಹತ್ತಿಸುತ್ತಿದ್ದಾರೆ. ಪ್ರೆಸ್ಸು ಮೇಜಿಗೆ ಬಂದ ದಿನ ಅವರು ಎಸೆಯುವುದಿಲ್ಲ.

ಹಾಗಾಗಿ ಭಾನುವಾರ ಅವರು ಏರಿಸಿದರೆ ನೀನು ಮತ್ತೆ ಏರಿಸಬೇಡ. ನಿಜವಾದ ಎಲೆ ಬರುವವರೆಗೆ ಸುಮ್ಮನೆ ಬಿಟ್ಟುಕೊಡು. ನನಗೆ ಭಯವಾಗುತ್ತಿದೆ. ಇದೊಂದು ಸಲ ನನ್ನ ಮಾತು ಕೇಳು.

ನಿನ್ನ ದಾರಿ ಕಾಯುವ,
ಅಕ್ಕ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅಕಸ್ಮಾತ್ತಾಗಿ ಅಂತ ಬರೆದದ್ದು ಸುಳ್ಳು. ಡಾಕ್ಟರೇ ಆ ಎಲೆಗಳನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನಾನು ನೋಡಿದೆನೆಂದು ಖಾತ್ರಿಯಾದ ಮೇಲೆ ಎಸೆದರು. ಹೇಳಿದರೆ ಅವರ ಕಡೆಯವಳೆಂದು ನೀನು ನನ್ನನ್ನೇ ಅನುಮಾನಿಸುತ್ತೀಯೆಂದು ಮುಚ್ಚಿಟ್ಟೆ. ಈಗಷ್ಟೇ ಬಾಗಿಲಲ್ಲಿ ಇಣುಕಿ, "ತಮ್ಮಂಗೆ ಬರ್ದಾಯ್ತಾ? ಭಾನುವಾರದೊಳಗೆ ಸೇರೋ ಹಾಗೆ ಹಾಕಿ" ಅಂದರು. ಯಾರಿಗೆ ಬರೆಯುತ್ತಿದ್ದೇನೆಂದು ನಾನು ಹೇಳಿರಲಿಲ್ಲ. ನಾನು ನಿನಗೆ ಹೇಳಲಿ ಅಂತಲೇ ಆ ಎಲೆ ತೋರಿಸಿದ್ದು; ಬಿಟ್ಟುಕೊಡು ಅಂತ ನಾನು ಹೇಳಿದ ಬುದ್ಧಿ ಅವರಿಗೇ ಬೇಕಾದದ್ದು. ನೀನು ಹೆದರಿ ಕೂತರೆ ಪ್ರತಿ ಸಲ ಏರಿಸಿ ಬಾಚಿಕೊಳ್ಳುವವರು ಅವರು. ಏರಿಸಲೂ ಬೇಡ, ಬಿಟ್ಟುಕೊಡಲೂ ಬೇಡ. ಬರಲೇಬೇಡ.