ಎರಡು ಕೈಯ ಸೀರೆ

ಬೆಟಗೇರಿ
9 ಜನವರಿ 1972

ನನ್ನವರಿಗೆ,

ಮೋತಿಬಿಯ ಸಲಾಂ. ಪುಣೆಯ ಆಸ್ಪತ್ರೆಯಿಂದ ನೀವು ಬರೆದ ಪತ್ರ ಮುಟ್ಟಿ ಹದಿನಾರು ದಿನವಾಯಿತು. ಕಾಲಿನ ಸಣ್ಣ ಗಾಯ ಮಾಯುತ್ತ ಬಂದಿದೆ ಎಂದು ಬರೆದಿದ್ದಿರಿ. ಕೂಡಲೇ ಉತ್ತರ ಬರೆಯದೆ ಇದ್ದದ್ದು ನನ್ನ ತಪ್ಪು. ಮಗ್ಗದ ಮೇಲಿನ ಸೀರೆ ಇಳಿಸಿದ ಮೇಲೆಯೇ ಕಾಗದ ಮುಟ್ಟುತ್ತೇನೆಂದು ಹಟ ಹಿಡಿದಿದ್ದೆ. ನಿನ್ನೆ ಇಳಿಸಿದೆ. ಹೌದು, ನಾನೇ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗಳು ಫಕೀರಬಿಯ ಮುಂದಿನ ಎರಡು ಹಲ್ಲು ಬಿದ್ದಿವೆ. ಓಣಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುತ್ತಾಳೆ. ಹುಕುಮುಗಳೆಲ್ಲ ಹಲ್ಲಿನ ಸಂದಿಯಿಂದ ಸೋರಿಹೋಗುತ್ತವೆ. ನಿಮ್ಮ ಅಬ್ಬಾನ ಕೆಮ್ಮು ಇದ್ದ ಹಾಗೆಯೇ ಇದೆ. ಲಡಾಯಿ ಮುಗಿದರೂ ಸೀಮೆಎಣ್ಣೆಯ ಸಾಲು ಮುಗಿದಿಲ್ಲ.

ಆ ಸಾಲಿನದೇ ಒಂದು ಸುದ್ದಿ ಇದೆ. ಲಡಾಯಿ ಜೋರಾಗಿದ್ದಾಗ ಒಂದು ಬೆಳಿಗ್ಗೆ, ನನ್ನ ಮುಂದೆ ನಿಂತಿದ್ದ ಬಟ್ಟೆ ಅಂಗಡಿಯವನೊಬ್ಬ ಹಿಂದೆ ತಿರುಗಿ, “ಏನ್ ಮೋತಿಬಿ, ರೇಡಿಯೋ ಕೇಳ್ದೇನು? ನಿಮ್ಮ ಮಂದಿ ಸೋಲಾಕತ್ತಾರಂತಲ್ಲ?” ಎಂದ. ಕೆಲವರು ನಕ್ಕರು.

“ನಮ್ಮ ಮಂದಿ ಗೆಲ್ಲಾಕತ್ತಾರ್ರಿ,” ಎಂದೆ. “ನನ್ನ ಗಂಡ ಅಲ್ಲೇ ಮಿಲಿಟರಿ ಗಾಡಿ ಹೊಡ್ಯಾಕತ್ತಾನ. ನಿಮ್ಮ ಮನ್ಯಾಗಿಂದ ಯಾರ್ ಹೋಗ್ಯಾರ, ಹೆಸರ ಹೇಳ್ರಿ. ದುವಾದಾಗ ಅವರನ್ನೂ ನೆನಸ್ತೇನಿ.”

ನನ್ನ ಹಿಂದೆ ನಮ್ಮ ಪಕ್ಕದ ಮನೆಯ ಅಮೃತವ್ವ ಇದ್ದಳು. “ಅವರ ಮನ್ಯಾಗ ಸಂತಿಗೆ ಹೋಗಾಕನ ಅಂಜತಾರವಾ, ಲಡಾಯಿಗೆ ಎಲ್ಲಿ ಹೋಗ್ತಾರ!” ಎಂದಳು. ಈ ಸಲ ಇಡೀ ಸಾಲು ನಕ್ಕಿತು. ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತ.

ಈಗ ಸೀರೆಯ ಮಾತು. ಅಕ್ಟೋಬರದಲ್ಲಿ ರಜೆಯ ಮೇಲೆ ಬಂದಾಗ ನೀವು ಹಿಡಿದ ಸೀರೆ ಅದು. ಅರ್ಧಕ್ಕೆ ಬಂದಿತ್ತು, ಆಗ ರಜೆ ರದ್ದೆಂದು ತಾರು ಬಂತು. ಮಗ್ಗದ ಕೆಳಗೆ ಕಾಲಿಡುವ ಕುಣಿಯಿಂದ ಎದ್ದು, ಕಾಲು ತೊಳೆದುಕೊಂಡು ಸ್ಟೇಷನ್ನಿಗೆ ನಡೆದಿರಿ. ಅಬ್ಬಾ ಮಗ್ಗದ ಮೇಲೆ ದುಪ್ಪಟಿ ಹೊದಿಸಿದರು. ಒಬ್ಬರು ಹಿಡಿದ ನೆಯ್ಗೆಯನ್ನು ಅವರು ಊರಲ್ಲಿಲ್ಲದಾಗ ಇನ್ನೊಬ್ಬರು ಮುಗಿಸಿದರೆ, ಹೋದವರು ಹೋದಂತೆಯೇ ಎಂದು ನಮ್ಮ ಓಣಿಯಲ್ಲಿ ಎಲ್ಲ ಜಾತಿಯ ನೇಕಾರರೂ ನಂಬುತ್ತಾರೆ. ಹೆಂಗಸರು ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡಬಹುದು, ಕುಣಿಗೆ ಕಾಲಿಳಿಸಬಾರದು ಎಂಬುದೂ ಇದೆ. ಎರಡನ್ನೂ ಒಪ್ಪಿ ಎರಡು ತಿಂಗಳು ಆ ದುಪ್ಪಟಿಯ ಧೂಳು ಜಾಡಿಸಿದೆ.

ಡಿಸೆಂಬರದ ಕೊನೆಗೆ ಒಂದು ಸಂಜೆ ಶಾಲೆಯ ಮೈಲಾರಲಿಂಗಪ್ಪ ಮಾಸ್ತರರು ಅಬ್ಬಾನಿಗೆ ಹೇಳಿಕಳಿಸಿದರು. ಅಬ್ಬಾ ಅವರ ಮನೆಗೆ ಹೋಗಿ ಬಂದವರು ಊಟ ಮಾಡಲಿಲ್ಲ. ಮರುದಿನ ನಿಮ್ಮ ಕಾಕಾನ ಮಗ ಖಾಸಿಂಸಾಬ ಬಂದು, ದುಪ್ಪಟಿ ಸರಿಸಿ, ಮಗ್ಗದ ಕಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದ.

“ಏನ್ ನೋಡ್ತಿ?” ಎಂದೆ.

“ಭಾಬಿ, ಮಗ್ಗ ನಮ್ಮ ಮನಿಗೆ ಒಯ್ಯತೇನಿ. ದೊಡ್ಡಪ್ಪ ಹೂಂ ಅಂದಾನ. ಶುಕ್ರವಾರ ನಮಾಜ ಆದಮ್ಯಾಲೆ ಬಿಚ್ಚತೇವಿ.”

“ಮತ್ತ ಸೀರಿ?”

“ಕತ್ತರಿಸಿದ್ರಾತು.”

ಇನ್ನೊಬ್ಬರು ಮುಗಿಸಿದರೆ ಕೇಡೆಂದು ಹೇಳುವ ಮಂದಿ, ಅರ್ಧಕ್ಕೇ ಕತ್ತರಿಸಿದರೆ ಏನಾಗುತ್ತದೆಂದು ಹೇಳಿಲ್ಲ. ಅಬ್ಬಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಯಾಕೆ ಕೊಡುತ್ತೀರೆಂದು ಮೂರು ಸಲ ಕೇಳಿದೆ. “ಸುಮ್ಮನ ನಿಂತ ಮಗ್ಗಕ್ಕ ಹುಳ ಹಿಡೀತೈತಿ,” ಎಂದಷ್ಟೇ ಅಂದರು.

ಖಾಸಿಂಸಾಬ ಹೊಸ್ತಿಲು ದಾಟುವ ಮೊದಲೇ ನಾನು ಸೆರಗು ಸೊಂಟಕ್ಕೆ ಸಿಗಿಸಿ ಕುಣಿಗೆ ಕಾಲಿಳಿಸಿದೆ. ತುಳಿಯುವ ಹಲಗೆಗಳು ತಣ್ಣಗಿದ್ದವು.

“ಯಾ ಅಲ್ಲಾ! ಮೋತಿ, ಮ್ಯಾಲೆ ಏಳು. ಹೆಣ್ಮಗಳು ಕಾಲಿಟ್ರ ಮಗ್ಗ ಮುನಿಸಿಕೊಳ್ತೈತಿ!” ಎಂದರು ಅಬ್ಬಾ.

“ಎರಡು ತಿಂಗಳಿಂದ ಮುನಿಸಿಕೊಂಡೇ ಕುಂತೈತಿ, ಅಬ್ಬಾ. ಮಾತಾಡಸ್ತೇನಿ.”

“ನೇಯಾಕ ಬರ್ತೈತೇನು ನಿನಗ?”

“ಒಂಬತ್ತು ವರ್ಷ ನಿಮ್ಮಿಬ್ಬರ ಬಾಜೂಕ ಕುಂತು ಕಂಡಿಕಿ ಸುತ್ತೇನಿ. ಕಣ್ಣ ಮುಚ್ಚಿಕೊಂಡು ಸುತ್ತಿಲ್ಲ.”

ಖಾಸಿಂಸಾಬ ಬಾಗಿಲಲ್ಲಿ ನಿಂತು ನಕ್ಕ. “ಇರ್ಲಿ ಬಿಡ್ರಿ ದೊಡ್ಡಪ್ಪ. ಶುಕ್ರವಾರದೊಳಗ ತಾನ ಎದ್ದು ಬರ್ತಾಳ.”

“ಬಾ,” ಎಂದೆ. “ನನ್ನ ಸಮೇತ ಬಿಚ್ಚಿಕೊಂಡು ಒಯ್ಯಿ.”

ಮೊದಲ ದಿನ ಎಂಟು ಸಲ ಎಳೆ ಹರಿದವು. ಲಾಳಿ ಕೈತಪ್ಪಿ ಹಾರಿ ಫಕೀರಬಿಯ ಸಾರಿನ ಗಂಗಾಳಕ್ಕೆ ಬಿತ್ತು. ಎರಡನೆಯ ದಿನ ಅಮೃತವ್ವ ಓಣಿಯ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ನೋಡಲು ಬಂದಳು. “ಕುಣ್ಯಾಗ ಏನೂ ಕಚ್ಚಲಿಲ್ಲೇನವಾ?” ಎಂದು ಬಗ್ಗಿ ನೋಡಿ, ಅಲ್ಲೇ ಕೂತು ಕಂಡಿಕೆ ಸುತ್ತಿಕೊಟ್ಟಳು. ಶುಕ್ರವಾರ ಖಾಸಿಂಸಾಬ ಇಬ್ಬರನ್ನು ಕರೆದುಕೊಂಡು ಬಂದ. ನಾನು ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ನೇಯುತ್ತಿರುವವರನ್ನು ನೆಯ್ಗೆಯ ನಡುವೆ ಎಬ್ಬಿಸುವುದು ನೇಕಾರನಿಗೆ ಪಾಪ. ಅದು ಅವನಿಗೂ ಗೊತ್ತು. ಬಂದ ಇಬ್ಬರನ್ನೂ ಕರೆದುಕೊಂಡು ತಿರುಗಿ ಹೋದ.

ನಿನ್ನೆ ಮಧ್ಯಾಹ್ನ ಸೀರೆ ಇಳಿಸಿ ಅಬ್ಬಾನ ತೊಡೆಯ ಮೇಲೆ ಹರವಿದೆ. ಅವರ ಕಣ್ಣು ಈಗ ಮಬ್ಬು. ಹೆಬ್ಬೆರಳಿನಿಂದ ಸವರುತ್ತ ಹೋದರು, ಒಂದು ಕಡೆ ಬೆರಳು ನಿಂತಿತು. “ಇಲ್ಲಿಗೆ ನಿಜಾಮುದ್ದೀನನ ಕೈ ಮುಗೀತು. ಅವಂದು ಹಗುರ ಪೆಟ್ಟು. ನೀ ಸಿಟ್ಟಿನಾಗ ಹೊಡದಿ.” ಖರೆ. ನನ್ನ ಭಾಗ ದಟ್ಟವಾಗಿದೆ. ಬೆಳಕಿಗೆ ಹಿಡಿದರೆ ನಡುವೆ ಗೆರೆ ಕಾಣುತ್ತದೆ. ಇಂಥ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ನಾನು ಮಾರುವುದೂ ಇಲ್ಲ. ಇವತ್ತು ಬೆಳಿಗ್ಗೆ ಅಬ್ಬಾ ತಾವೇ ಹೊಸ ಹಾಸಿನ ನೂಲು ತೆಗೆದಿಟ್ಟಿದ್ದಾರೆ.

ಫಕೀರಬಿ ತನ್ನ ಅಬ್ಬಾಗೆ ಸೆಲ್ಯೂಟ್ ಕಳಿಸಿದ್ದಾಳೆ. ಅಮೃತವ್ವ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ನಿಮ್ಮ ಪಾಲಿನದು ತೆಗೆದಿಡುತ್ತೇನೆಂದು ಹೇಳಿದ್ದಾಳೆ. ಖುದಾ ನಿಮ್ಮ ನೋವು ಇಳಿಸಲಿ, ರಾತ್ರಿ ನಿದ್ದೆ ಕೊಡಲಿ.

ನಿಮ್ಮ
ಮೋತಿಬಿ

ತಾ.ಕ.: ನಿನ್ನೆ ಸೀರೆ ಮಡಚಿದ ಮೇಲೆ ಅಬ್ಬಾ ರುಮಾಲಿನ ಮಡಿಕೆಯಿಂದ ಒಂದು ಪತ್ರ ತೆಗೆದುಕೊಟ್ಟು, “ಓದು” ಎಂದರು. ಮಾಸ್ತರರ ವಿಳಾಸಕ್ಕೆ ನೀವು ಬರೆದದ್ದು. ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲವೆಂದು, ಇನ್ನು ಮಗ್ಗ ತುಳಿಯಲು ಆಗದ್ದರಿಂದ ಅದನ್ನು ಖಾಸಿಂಸಾಬನಿಗೆ ಕೊಡಬೇಕೆಂದು, ಮೋತಿಬಿಯನ್ನು ಹೊಂಬಳಕ್ಕೆ, ಅವಳ ತವರಿಗೆ ಕಳಿಸಬೇಕೆಂದು, ಇದನ್ನು ಅವಳಿಂದ ಓದಿಸಬಾರದೆಂದು. ಈ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಒಂಬತ್ತು ವರ್ಷ ನಿಮ್ಮ ಪ್ರತಿಯೊಂದು ಪತ್ರವನ್ನೂ ಅಬ್ಬಾಗೆ ಓದಿ ಹೇಳಿದವಳು ನಾನು. ಕಾಲಿಗಾಗಿ ನಿನ್ನೆ ಅತ್ತೆ. ಮಾಸ್ತರರ ವಿಳಾಸ ಬರೆದಿರಲ್ಲ, ಅದಕ್ಕೆ ಇನ್ನೂ ಅಳು ಬಂದಿಲ್ಲ.

ಹೊಂಬಳಕ್ಕೆ ನಾನು ಹೋಗುವುದಿಲ್ಲ. ಬಕ್ರೀದ್ ಮುಗಿದ ಮರುದಿನ ಅಬ್ಬಾನನ್ನು ಕರೆದುಕೊಂಡು ಪುಣೆಯ ಗಾಡಿ ಹತ್ತುತ್ತೇನೆ, ಆ ಸೀರೆಯನ್ನೇ ಉಟ್ಟು. ಗೆರೆ ಎಲ್ಲಿದೆ ಎಂದು ನೀವೇ ಬೆರಳಿಟ್ಟು ನೋಡಿ. ಕುಣಿಗೆ ನಾನು ಇಳಿಯುತ್ತೇನೆ. ಕಂಡಿಕೆ ಸುತ್ತಲು ಕಾಲು ಬೇಕಾಗಿಲ್ಲ.