ಗಾಜಿನ ಮೇಲೊಂದು ಹನಿ ಕೆರೆ

ಕೊಳ್ಳೇಗಾಲ
೧೯೫೩, ಕಾರ್ತಿಕ ಮಾಸ

ಇನ್ನೂ ಹೆಸರಿಲ್ಲದ ನನ್ನ ಕೂಸೇ,

ನಿನ್ನನ್ನು ಈವರೆಗೆ ಒಮ್ಮೆಯೂ ಮಾತಾಡಿಸಿಲ್ಲ, ಕೋಪ ಮಾಡಿಕೊಳ್ಳಬೇಡ. ನಿನಗಿಂತ ಮೊದಲು ಬಂದ ಇಬ್ಬರೂ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಾಗಾಗಿ ಮನೆಯಲ್ಲಿ ಯಾರೂ ನಿನ್ನ ಸುದ್ದಿ ಎತ್ತುವುದಿಲ್ಲ. ಆಸೆಪಟ್ಟರೆ ಎಲ್ಲಿ ದೃಷ್ಟಿ ತಾಗೀತೋ ಎಂಬ ಭಯ. ನಿನ್ನಜ್ಜಿ, ನನ್ನತ್ತೆ ಗುರುಬಸಮ್ಮನವರೂ ಬಾಯಿಬಿಟ್ಟು ಏನೂ ಹೇಳರು. ನನ್ನ ತಟ್ಟೆಗೆ ಮಾತ್ರ ತುಪ್ಪ ಜಾಸ್ತಿ ಬೀಳುತ್ತದೆ.

ನಿನ್ನವ್ವ ಹುಡುಗಿಯರಿಗೆ ವಿಜ್ಞಾನ ಹೇಳಿಕೊಡುವವಳು. ಈ ವರ್ಷ ಕೊಯಮತ್ತೂರಿನಿಂದ ನಮ್ಮ ಶಾಲೆಗೊಂದು ಸೂಕ್ಷ್ಮದರ್ಶಕ ಬಂದಿದೆ. ಈರುಳ್ಳಿ ಪೊರೆಯಲ್ಲಿ ಇಟ್ಟಿಗೆ ಜೋಡಿಸಿದಂತಿರುವ ಜೀವಕೋಶಗಳನ್ನು ನೋಡಿ ಮುಗಿಸಿದೆವು. ಈಗ ಕೆರೆ ನೀರಿನ ಸರದಿ. ಅಜ್ಜಿಗೆ ಸುದ್ದಿ ಮುಟ್ಟಿತು. “ಬಸ್ರಿ ಎಂಗ್ಸು ಉಳಾ ಉಪ್ಪಟೆ ದಿಟ್ಟಿಸ್ಬಾರ್ದು ಕಣಮ್ಮಿ, ಕಂಡಂಗೇ ಉಟ್ತದೆ” ಅಂದರು. ನೋಡಿದ ಹುಳದ ಹಾಗೆಯೇ ಮಗು ಹುಟ್ಟುತ್ತದಂತೆ. ಹಟದಲ್ಲಿ ನಾನು ಯಾರಿಗೆ ಕಡಿಮೆ?

ಇವತ್ತು ನನ್ನನ್ನು ಎಳೆದೊಯ್ಯಲು ಅವರೇ ಬಯ್ಯುತ್ತ ಶಾಲೆಗೆ ಬಂದುಬಿಟ್ಟರು. ನಾನು ಸೂಕ್ಷ್ಮದರ್ಶಕದಡಿ ಗಾಜಿನ ಮೇಲಿದ್ದ ಕೆರೆ ನೀರಿನ ಹನಿಯೊಳಗೆ ಮೈಮರೆತಿದ್ದೆ. ತಿಳಿಹಸಿರು ಬೆಳಕಿನಲ್ಲಿ ಪಾದುಕೆಯಾಕಾರದ ಜೀವವೊಂದು ತೇಲುತ್ತ, ಹೊರಳುತ್ತ, ಪಾಚಿಯ ಎಳೆಗೆ ತಾಗಿ ಹಿಂದೆ ಸರಿಯುತ್ತಿತ್ತು. ಸದ್ದೇ ಇಲ್ಲದ ಲೋಕ. ನಾನು ನೋಡುತ್ತಿದ್ದೇನೋ, ನನಗೇ ಕನಸು ಬಿದ್ದಿದೆಯೋ ತಿಳಿಯದು.

“ಅಜ್ಜೀ, ನೀವೂ ನೋಡಿ” ಎಂದು ನಿಂಗಮ್ಮ ಎಂಬ ಹುಡುಗಿ ಅವರ ಕೈಹಿಡಿದು ಕೂರಿಸಿಯೇ ಬಿಟ್ಟಳು. ಮೊದಲು ಎರಡೂ ಕಣ್ಣು ಮುಚ್ಚಿಕೊಂಡರು. ಹುಡುಗಿಯರು ಮುಸಿಮುಸಿ ನಕ್ಕರು. ಆಮೇಲೆ ಒಂದು ಕಣ್ಣು ತೆರೆಯಿತು, ಬಯ್ಗುಳ ನಿಂತಿತು. ಬಹಳ ಹೊತ್ತು ತಲೆ ಎತ್ತಲಿಲ್ಲ.

“ಬೆಟ್ಟದ ದೇವ್ರೇ ಮಾದಪ್ಪಾ, ಇಷ್ಟೇ ಇಷ್ಟು ನೀರ್ನಲ್ಲಿ ಎಂಗ್ ಈಜ್ತದೆ!” ಅಂದವರು ದನಿ ತಗ್ಗಿಸಿ ಕೇಳಿದರು: “ನಮ್ ಕೂಸೂ ಇಂಗೇ ಆಡ್ಕಂಡ್ ಇರ್ತದಾ?”

ನಮ್ಮ ಕೂಸು! ಕೇಳಿಸಿತೇ ನಿನಗೆ? ಹೌದೆಂದು ತಲೆಯಾಡಿಸಿದೆ.

ಪಾಠ ಮುಗಿದ ಮೇಲೆ ಗಾಜು ಒರೆಸಲು ಬಟ್ಟೆ ತೆಗೆದೆ. ಅಜ್ಜಿ ತಡೆದರು. “ಒರಸ್ಬ್ಯಾಡ ಕಣಮ್ಮಿ, ಅದ್ರವ್ವ ಕೆರೇಲಿ ಕಾಯ್ತಿರ್ತಾಳೆ.”

ಆ ಜೀವಕ್ಕೆ ಅವ್ವ ಎಂಬುವಳಿಲ್ಲ, ಒಂದೇ ಎರಡಾಗುತ್ತದೆ ಎಂದು ಪಾಠ ಹೇಳಬಹುದಿತ್ತು. ಬದಲಿಗೆ ಹನಿಯನ್ನು ಕೆರೆಯಿಂದ ತಂದಿದ್ದ ಸೀಸೆಯ ನೀರಿಗೆ ಇಳಿಸಿ ಅವರ ಕೈಗಿತ್ತೆ. ಅದಕ್ಕೆ ಸೆರಗು ಮುಚ್ಚಿಕೊಂಡು ನನಗಿಂತ ಮುಂದೆ ನಡೆದರು, ಕೆರೆಯ ಮೆಟ್ಟಿಲಿಳಿದು ಬಗ್ಗಿ ಮೆಲ್ಲಗೆ ಸುರಿದರು. ಆಮೇಲೆ ಆ ತಣ್ಣನೆಯ ಕೈಯನ್ನು ಒರೆಸಿಕೊಳ್ಳದೆ ನನ್ನ ಹೊಟ್ಟೆಯ ಮೇಲಿಟ್ಟು, ಅಲ್ಲೇ ನಿಂತುಬಿಟ್ಟರು.

ನಿನಗೆ ಅವಸರ ಬೇಡ ಮಗು. ತಿಂಗಳು ತುಂಬುವವರೆಗೂ ಈಜಾಡಿಕೊಂಡಿರು. ಮಾದಪ್ಪ ನಿನ್ನನ್ನು ಕಾಯಲಿ.

ನಿನ್ನನ್ನು ಆಸೆಪಡಲು ಇಂದು ಧೈರ್ಯ ಮಾಡಿದ,
ನಿನ್ನ ಅವ್ವ
ಸುವರ್ಣಮ್ಮ