ಓರೆಯಿಲ್ಲದ ಸ್ಕ್ರೂಗಳು

ವಿದ್ಯಾರ್ಥಿನಿಯರ ಹಾಸ್ಟೆಲ್, ಮಹಡಿ ಕೋಣೆ
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುವ ನರ್ಸಮ್ಮ ತಾನು ಮಾತ್ರ ಊಟ ಮರೆಯುತ್ತಾಳೆಂದು ನನಗೆ ಗೊತ್ತು. ಫೋನು ಸಿಗದ ಜಾಗಕ್ಕೆ ಹೋಗಿ ಕೂತಿದ್ದೀಯ, ನಿನ್ನನ್ನು ಬೈಯುವುದಕ್ಕೂ ಕಾಗದವೇ ಬರೆಯಬೇಕು.

ನನ್ನ ಓದು ಚೆನ್ನಾಗಿ ನಡೆದಿದೆ. ಮಕ್ಕಳಿಗೆ ಅ ಆ ಕಲಿಸಲು ಯೂನಿವರ್ಸಿಟಿಯೇ ಬೇಕಾ ಎಂದು ನಕ್ಕಿದ್ದೆಯಲ್ಲ, ಇಲ್ಲಿ ಕಲಿಸುವುದಕ್ಕಿಂತ ಮೊದಲು ನೋಡುವುದನ್ನು ಹೇಳಿಕೊಡುತ್ತಾರೆ. ಬೆಳಿಗ್ಗೆ ಚಾಪೆಲ್‌ನಲ್ಲಿ ಪ್ರಾರ್ಥನೆ. ಆಮೇಲೆ ಕ್ಯಾಂಪಸ್ಸಿನ ನರ್ಸರಿಯ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಮಕ್ಕಳ ಆಟ ನೋಡಬೇಕು. "ಹೆದರಿದಾಳೆ ಅಂತ ಬರೀಬೇಡ. ಕೈ ಏನ್ ಮಾಡ್ತು, ಬಾಯಿ ಏನ್ ಹೇಳ್ತು, ಅಷ್ಟೇ ಬರಿ" ಎನ್ನುತ್ತಾರೆ ನಮ್ಮ ಮೇಡಂ.

ನಿನ್ನ ಗುಬ್ಬಿಯೂ ಅದೇ ನರ್ಸರಿಯಲ್ಲಿದ್ದಾಳಲ್ಲ, ಅವಳ ಸುದ್ದಿಯನ್ನೂ ಹಾಗೆಯೇ ಬರೆಯುತ್ತೇನೆ. ಪ್ರಾರ್ಥನೆಗೆ ಎಲ್ಲ ಮಕ್ಕಳೂ ಕಣ್ಣು ಮುಚ್ಚುತ್ತವೆ, ಅವಳು ಮುಚ್ಚುವುದಿಲ್ಲ. ಮಧ್ಯಾಹ್ನ ಮಲಗಿಸಲು ಪರದೆ ಎಳೆದರೆ ಹೋಗಿ ಬಾಗಿಲಿಗೆ ಆತು ನಿಲ್ಲುತ್ತಾಳೆ. ಮೊನ್ನೆ ಗೊಂಬೆಗೆ ಮುತ್ತು ಕೊಟ್ಟು, ಆಟಿಕೆ ಪೆಟ್ಟಿಗೆಯೊಳಗೆ ಮಲಗಿಸಿ, ಮುಚ್ಚಳ ಹಾಕಿ ಅದರ ಮೇಲೆ ಕೂತಳು. "ಜಾಣೆ ಅಲ್ವಾ? ಸದ್ದು ಮಾಡಿದ್ರೆ ಅಮ್ಮ ಬರಲ್ಲ" ಎಂದಳು. ಮುಚ್ಚಳ ತೆಗೆಯಲು ಬಂದ ಇನ್ನೊಂದು ಮಗುವಿನ ಕೈ ಕಚ್ಚಿದಳು.

ಅವಳನ್ನು ಕರೆದೊಯ್ಯಲು ಬಂದ ಭಾವನನ್ನು ಕೇಳಿದೆ. "ಅಮ್ಮನ ನೆನಪು, ಇನ್ನೇನು? ಈಗೆಷ್ಟೋ ವಾಸಿ. ಮಲಗಿಸಿದ್ರೆ ಬೆಳಗಿನ ತನಕ ಎದ್ದು ಬರಲ್ಲ" ಎಂದರು. ಅವರ ಶಿಸ್ತು ನಿನಗೆ ಗೊತ್ತಲ್ಲ. ಇಂಥ ಬಡಗಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ಕ್ರೂ ಹಾಕಿದರೆ ಪ್ರತಿಯೊಂದರ ತಲೆಯ ಗೀರೂ ನೆಟ್ಟಗೆ ನಿಲ್ಲಬೇಕು, ಒಂದು ಓರೆಯಾದರೂ ಬಿಚ್ಚಿ ಮತ್ತೆ ತಿರುಗಿಸಬೇಕು. "ನನ್ನನ್ನೂ ಹಾಗೇ ತಿರುಗಿಸಿ ನಿಲ್ಲಿಸ್ತಾರೆ ಕಣೇ" ಎಂದು ಮದುವೆಯ ಹೊಸತರಲ್ಲಿ ನೀನು ಹೇಳಿದ್ದಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಮಗುವಿನ ಎರಡು ಜಡೆಗಳನ್ನೂ ಸಮನಾಗಿ ಹೆಣೆದು ಕಳಿಸುತ್ತಾರೆ. ಅಂಥವರ ಬಗ್ಗೆ ಏನು ಹೇಳಲಿ? ಓದಿ ಓದಿ ನನಗೇ ಭೂತ ಮೆಟ್ಟಿಕೊಂಡಿರಬೇಕು. ಇವತ್ತು ಅವರಿಗೆ ಹೊರಗೆಲ್ಲೋ ಕೆಲಸವಂತೆ. ಸಂಜೆ ಗುಬ್ಬಿಯನ್ನು ನಾನೇ ನಿಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ.

ನಾಲ್ಕು ತುತ್ತು ಹೆಚ್ಚಿಗೆ ಉಣ್ಣು. ಇಲ್ಲಿ ಪ್ರಾರ್ಥನೆಯಲ್ಲಿ ನನ್ನ ಪಾಲಿನದೆಲ್ಲ ನಿನಗೇ.

ನಿನ್ನ ತಂಗಿ,
ಅ ಆ ಟೀಚರಮ್ಮ

ತಾ.ಕ.: ಅಕ್ಕಾ, ಮನೆಗೆ ಹೋಗಿಬಂದೆ. ಗುಬ್ಬಿಯ ಸ್ವೆಟರ್ ಹುಡುಕುತ್ತ ನಿನ್ನ ಕೋಣೆಯ ಮರದ ಬೀರುವಿನ ಹತ್ತಿರ ಹೋದೆ. ಅದರ ಕೆಳಗಿನ ಖಾನೆಗೆ ಹೊರಗಡೆಯಿಂದ ಹೊಸ ಚಿಲಕ ಬಂದಿದೆ. ಒಳಗೆ ಅವಳ ಪುಟ್ಟ ದಿಂಬು, ನಿನ್ನ ಹಳೆಯ ಶಾಲು. ಬಾಗಿಲಿನಲ್ಲಿ ಗಾಳಿಗೆಂದು ಸಾಲಾಗಿ ಕೊರೆದ ತೂತುಗಳು. ಚಿಲಕದ ಸ್ಕ್ರೂಗಳಲ್ಲಿ ಒಂದರ ಗೀರೂ ಓರೆಯಿಲ್ಲ.

ಮಗುವನ್ನು ಎತ್ತಿಕೊಂಡು ಇಲ್ಲಿಗೇ ಬಂದುಬಿಟ್ಟೆ. ಮೇಡಂ ಪೊಲೀಸರಿಗೆ ಫೋನ್ ಮಾಡಿದ್ದಾರೆ, ಇನ್ನೂ ಬಂದಿಲ್ಲ. ಭಾವ ಬಂದು ಗೇಟಿನ ಹೊರಗೆ ನಿಂತಿದ್ದಾರೆ. ಕೂಗಾಡುತ್ತಿಲ್ಲ, ಸುಮ್ಮನೆ ನಮ್ಮ ಕಿಟಕಿಯನ್ನೇ ನೋಡುತ್ತಿದ್ದಾರೆ. ಇದನ್ನು ಹಿಂದಿನ ಗೇಟಿನಿಂದ ಕಾಲೇಜು ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅದೇ ವ್ಯಾನ್ ಹತ್ತಿ ಬಾ. ಮನೆಗೆ ಹೋಗಬೇಡ, ಇಲ್ಲಿಗೆ ಬಾ. ಗುಬ್ಬಿ ನನ್ನ ಪುಟ್ಟ ಬಟ್ಟೆ ಕಪಾಟಿನ ಬಾಗಿಲು ತೆರೆದುಕೊಂಡು ನಿಂತಿದ್ದಾಳೆ. "ಚಿಕ್ಕಮ್ಮಾ, ಇದ್ರಲ್ಲಿ ನಾನು ಹಿಡಿಸಲ್ಲ. ಎಲ್ಲಿ ಮಲಗ್ಲಿ?" ಎಂದು ಕೇಳುತ್ತಿದ್ದಾಳೆ.